ಓದುಗರ ಪ್ರಶ್ನೆ: ಇಷ್ಟಪಟ್ಟು ಸೇರಿದವರ ಸೇನೆ ಇದ್ದರೆ ಯುದ್ಧ ಸಲೀಸಾ?

ಹಿಂದಿನ ಸಂಚಿಕೆಯಲ್ಲಿ ಒಂದು ಉತ್ತರದ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಅಮೆರಿಕದಲ್ಲಿ ಮಿಲಿಟರಿ ಸೇವೆ ಕಡ್ಡಾಯವಾಗಿದ್ದಿದ್ದರೆ ಅಫ್ಘಾನಿಸ್ತಾನದ ಯುದ್ಧ 20 ವರ್ಷ ಎಳೆಯುತ್ತಿರಲಿಲ್ಲವೇನೋ ಅಂತ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಪುಟವನ್ನೆಲ್ಲ ತಿಂದಿವೆ. ಮಂಡಿನೋವು, ಖಾತೆ ಬದಲಾವಣೆ, ಸೊಸೆಯ ಮೊಬೈಲು ಇತ್ಯಾದಿ ಕೇಳಿದವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಿ.

ಪ್ರಶ್ನೆ: ಅಮೆರಿಕ ಮಾತೆತ್ತಿದರೆ ಯುದ್ಧಕ್ಕೆ ಹೊರಡುವುದು ಅಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲದ್ದರಿಂದಲೇ ಅಂತ ಒಂದು ವಿಡಿಯೋದಲ್ಲಿ ಕೇಳಿದೆ. ಸಂಬಳಕ್ಕೆ ಸೇರಿದವರು ಸತ್ತರೆ ಉಳಿದವರಿಗೆ ಬಿಸಿ ತಟ್ಟುವುದಿಲ್ಲ ಅನ್ನುವುದು ಅವರ ವಾದ. ಇದು ನಿಜವಾ?
– ನಿವೃತ್ತ ಇತಿಹಾಸ ಉಪನ್ಯಾಸಕರು, ಹಾಸನ

ಉತ್ತರ: ಅರ್ಧ ನಿಜ ಮೇಷ್ಟ್ರೇ. ಇನ್ನರ್ಧ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1969ರ ಡಿಸೆಂಬರ್ 1ರ ರಾತ್ರಿ. ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಗಾಜಿನ ಜಾಡಿ ಇಟ್ಟಿದ್ದರು. ಅದರೊಳಗೆ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು, ಒಂದೊಂದರಲ್ಲೂ ವರ್ಷದ ಒಂದೊಂದು ತಾರೀಖು ಬರೆದ ಚೀಟಿ. ನಮ್ಮಲ್ಲಿ ಚೀಟಿ ಎತ್ತುತ್ತೇವಲ್ಲ, ಹಾಗೇ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರವರೆಗೆ ಆ ತಾರೀಖಿನಲ್ಲಿ ಹುಟ್ಟಿದ ಹುಡುಗರಿಗೆಲ್ಲ ಒಂದನೇ ನಂಬರ್ ಸಿಕ್ಕಿತು, ಅಂದರೆ ಮಿಲಿಟರಿ ಕರೆ ಬಂದರೆ ಮೊದಲು ಹೋಗಬೇಕಾದವರು ಅವರೇ. ಇದೆಲ್ಲ ಟೀವಿಯಲ್ಲಿ ಬರುತ್ತಿತ್ತು. ಅಪ್ಪ ಅಮ್ಮ ಮಗ ಒಟ್ಟಿಗೆ ಸೋಫಾದ ಮೇಲೆ ಕೂತು ಮಗನ ಹುಟ್ಟುಹಬ್ಬದ ತಾರೀಖು ಯಾವಾಗ ಬರುತ್ತೆ ಅಂತ ಕಾಯೋದನ್ನು ಒಮ್ಮೆ ಊಹಿಸಿಕೊಳ್ಳಿ. ಇನ್ನೊಂದು ತಮಾಷೆ ಏನೆಂದರೆ ಗುಳಿಗೆಗಳನ್ನು ಸರಿಯಾಗಿ ಕಲಸಿರಲೇ ಇಲ್ಲ, ವರ್ಷದ ಕೊನೆ ತಿಂಗಳುಗಳಲ್ಲಿ ಹುಟ್ಟಿದವರ ಚೀಟಿಗಳೇ ಬೇಗ ಬೇಗ ಬಂದವು ಅಂತ ಆಮೇಲೆ ಲೆಕ್ಕ ಬಲ್ಲವರು ತೋರಿಸಿಕೊಟ್ಟರು. ಡಿಸೆಂಬರ್‌ನಲ್ಲಿ ಹುಟ್ಟಿದ ತಪ್ಪಿಗೆ ವಿಯೆಟ್ನಾಂ!

ಈ ಪದ್ಧತಿಗೆ ಅಲ್ಲಿ ಡ್ರಾಫ್ಟ್ ಅನ್ನುತ್ತಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ 18 ಲಕ್ಷಕ್ಕೂ ಹೆಚ್ಚು ಹುಡುಗರನ್ನು ಹೀಗೆ ಎಳೆದುಕೊಂಡು ಹೋದರು. ಅದನ್ನು ನಿಲ್ಲಿಸುತ್ತೇನೆ ಅಂತ 1968ರ ಅಧ್ಯಕ್ಷ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ನಿಕ್ಸನ್, ಗೆದ್ದ ಮೇಲೆ ಥಾಮಸ್ ಗೇಟ್ಸ್ ಅನ್ನುವ ಹಳೇ ರಕ್ಷಣಾ ಸಚಿವರ ಕೈಕೆಳಗೆ ಒಂದು ಆಯೋಗ ಮಾಡಿದರು. ಮಿಲ್ಟನ್ ಫ್ರೀಡ್‌ಮನ್, ಅಲನ್ ಗ್ರೀನ್‌ಸ್ಪಾನ್‌ರಂಥ ಅರ್ಥಶಾಸ್ತ್ರಜ್ಞರು ಅದರಲ್ಲಿದ್ದರು. ಕಡಿಮೆ ಸಂಬಳಕ್ಕೆ ಬಲವಂತವಾಗಿ ದುಡಿಸುವುದು ಹುಡುಗರ ಮೇಲೆ ಹಾಕಿದ ಗುಟ್ಟಿನ ತೆರಿಗೆ, ಬೇಕಾದರೆ ಸರಿಯಾದ ಸಂಬಳ ಕೊಟ್ಟು ಜನ ತಗೊಳ್ಳಿ ಅಂದರು. ನೀವು ಕೇಳಿದ ಪ್ರಶ್ನೆಯನ್ನೇ ಅವರೂ ಹಾಕಿಕೊಂಡಿದ್ದರು ಮೇಷ್ಟ್ರೇ: ಇಷ್ಟಪಟ್ಟು ಸೇರಿದವರ ಸೇನೆ ಕೈಯಲ್ಲಿದ್ದರೆ ಸರ್ಕಾರಕ್ಕೆ ಹೊರಗೆ ಹೋಗಿ ಜಗಳ ಕಾಯುವ ಚಪಲ ಜಾಸ್ತಿ ಆಗುವುದಿಲ್ಲವಾ? ಆಗುವುದಿಲ್ಲ ಅಂತ 1970ರ ವರದಿಯಲ್ಲಿ ಬರೆದರು. 1973ರ ಜನವರಿ 27ರಂದು, ಪ್ಯಾರಿಸ್‌ನಲ್ಲಿ ವಿಯೆಟ್ನಾಂ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ, ಇನ್ನು ಮೇಲೆ ಡ್ರಾಫ್ಟ್ ಇಲ್ಲ ಅಂತ ರಕ್ಷಣಾ ಸಚಿವ ಮೆಲ್ವಿನ್ ಲೇರ್ಡ್ ಪ್ರಕಟಿಸಿದರು.

ಆಯೋಗದ ಮಾತು ಪೂರ್ತಿ ಸುಳ್ಳೂ ಅಲ್ಲ. ವಿಯೆಟ್ನಾಂ ಶುರುವಾದಾಗ ಡ್ರಾಫ್ಟ್ ಇತ್ತು ತಾನೇ? ಅದು ಯುದ್ಧ ತಡೆಯಿತಾ? ಇಲ್ಲ. ಬದಲಿಗೆ ಕೆಲಸ ಹಗುರ ಮಾಡಿಕೊಟ್ಟಿತು. 1965ರ ಜುಲೈನಲ್ಲಿ ಅಧ್ಯಕ್ಷ ಜಾನ್ಸನ್‌ಗೆ ಜಾಸ್ತಿ ಸೈನಿಕರು ಬೇಕಾದರು. ತಿಂಗಳಿಗೆ 17,000 ಇದ್ದ ಡ್ರಾಫ್ಟ್ ಕರೆಯನ್ನು 35,000ಕ್ಕೆ ಏರಿಸುತ್ತೇನೆ ಅಂದರು, ಮುಗಿಯಿತು. ನಲ್ಲಿ ತಿರುಗಿಸಿದರೆ ನೀರು ಬಂದ ಹಾಗೆ ಹುಡುಗರು ಬಂದರು. 1969ರ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಅಲ್ಲಿದ್ದರು.

ಇಷ್ಟು ವರ್ಷ ಇದನ್ನೆಲ್ಲ ಓದಿ ನನಗೆ ಅನ್ನಿಸಿರುವುದು ಇಷ್ಟು. ಯುದ್ಧ ಶುರು ಮಾಡೋ ಹೊತ್ತಿಗೆ ಸೇನೆ ಯಾವ ಥರದ್ದು ಅನ್ನೋದು ಅಷ್ಟು ಲೆಕ್ಕಕ್ಕೆ ಬರೋಲ್ಲ. ಆಗ ಎಲ್ಲರಿಗೂ ಸಿಟ್ಟು ನೆತ್ತಿಗೇರಿರುತ್ತೆ, ಬಾವುಟ ಹಾರುತ್ತೆ. ವ್ಯತ್ಯಾಸ ಕಾಣೋದು ನಾಲ್ಕನೇ ವರ್ಷ, ಐದನೇ ವರ್ಷ. ಆಗ ಸಾಕು ನಿಲ್ಲಿಸಿ ಅಂತ ಬೀದಿಗೆ ಬರೋರು ಯಾರು? ಡ್ರಾಫ್ಟ್ ಇದ್ದಾಗ ಕಾಲೇಜಿನ ಹುಡುಗರು ಬಂದರು, ಅವರ ಹಿಂದೆ ಅವರ ಅಪ್ಪಂದಿರು ಬಂದರು, ಅಪ್ಪಂದಿರಲ್ಲಿ ಕೆಲವರು ಸಂಸದರ ಮನೆಗೇ ಫೋನ್ ಮಾಡುವಷ್ಟು ದೊಡ್ಡವರು. ಅಫ್ಘಾನಿಸ್ತಾನಕ್ಕೆ ಹಾಗೆ ಬರುವವರೇ ಇರಲಿಲ್ಲ. 33 ಕೋಟಿ ಜನರ ದೇಶದಲ್ಲಿ ಪೂರ್ಣಾವಧಿ ಸೇವೆಯಲ್ಲಿರುವವರು ಸುಮಾರು 13 ಲಕ್ಷ. ನೂರು ಜನರಲ್ಲಿ ಅರ್ಧ ಆಳೂ ಇಲ್ಲ.

ದುಡ್ಡಿನ ಬಿಸಿಯೂ ತಟ್ಟಲಿಲ್ಲ. ವಿಯೆಟ್ನಾಂ ಕಾಲದಲ್ಲಿ, 1968ರಲ್ಲಿ, ಆದಾಯ ತೆರಿಗೆ ಮೇಲೆ ಇನ್ನೂ ನೂರಕ್ಕೆ 10ರಷ್ಟು ಹೆಚ್ಚುವರಿ ಹಾಕಿದ್ದರು. 2003ರ ಮಾರ್ಚ್‌ನಲ್ಲಿ ಇರಾಕ್‌ಗೆ ನುಗ್ಗಿದ ಬುಷ್ ಸರ್ಕಾರ ಅದೇ ಮೇ ತಿಂಗಳಲ್ಲಿ ತೆರಿಗೆ ಇಳಿಸಿತು. ಯುದ್ಧದ ಖರ್ಚೆಲ್ಲ ಸಾಲದ ಪುಸ್ತಕಕ್ಕೆ. ಇನ್ನು ಕಣ್ಣಿಗಾದರೂ ಬಿತ್ತಾ ಅಂದರೆ ಅದೂ ಇಲ್ಲ. ಹೊರದೇಶದಲ್ಲಿ ಸತ್ತ ಸೈನಿಕರ ಪೆಟ್ಟಿಗೆಗಳು ಬಂದಿಳಿಯುವುದು ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಯಲ್ಲಿ. ಅಲ್ಲಿ ಪತ್ರಿಕೆಯವರು ಫೋಟೋ ತೆಗೆಯಬಾರದು ಅಂತ 1991ರಲ್ಲಿ ಹಾಕಿದ ನಿಷೇಧ ತೆಗೆದದ್ದು 2009ರಲ್ಲಿ, ಅದೂ ಮನೆಯವರು ಒಪ್ಪಿದರೆ ಮಾತ್ರ. ಮಗ ಹೋಗಬೇಕಿಲ್ಲ, ತೆರಿಗೆ ಕಟ್ಟಬೇಕಿಲ್ಲ, ಪೆಟ್ಟಿಗೆ ನೋಡಬೇಕಿಲ್ಲ. ಇನ್ನು ಯಾಕೆ ಬೇಡ ಅಂತಾರೆ?

ಪ್ರಶ್ನೆ: ನಾವು ಇಲ್ಲಿಗೆ ಬಂದು 21 ವರ್ಷ ಆಯಿತು. ಇಲ್ಲೇ ಹುಟ್ಟಿದ ಮಗನಿಗೆ ಹೋದ ತಿಂಗಳು 18 ತುಂಬಿತು. ಸೆಲೆಕ್ಟಿವ್ ಸರ್ವಿಸ್ ಅಂತ ಒಂದು ಪತ್ರ ಬಂದಿದೆ. ಅವರಪ್ಪ ಏನೂ ಆಗಲ್ಲ ಬಿಡು ಅಂತಾರೆ. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ನಿಮ್ಮ ಹಿಂದಿನ ಸಾಲು ಓದಿ ಇನ್ನೂ ಹೆದರಿಕೆ ಆಯ್ತು.
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಹೆದರಿಸಿದ್ದಕ್ಕೆ ಕ್ಷಮಿಸಿಬಿಡಿ ಅಮ್ಮಾ. ಈ ವಿಷಯದಲ್ಲಿ ಯಜಮಾನರ ಮಾತೇ ಸರಿ.

ಅದು ಮಿಲಿಟರಿಗೆ ಕರೆ ಅಲ್ಲ, ಹೆಸರು ಬರೆದಿಡುವ ಪಟ್ಟಿ ಅಷ್ಟೆ. 1979ರ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತಲ್ಲ, ಅದಾದ ಮೇಲೆ 1980ರಲ್ಲಿ ಅಧ್ಯಕ್ಷ ಕಾರ್ಟರ್ ಈ ಪಟ್ಟಿಯನ್ನು ಮತ್ತೆ ಶುರು ಮಾಡಿಸಿದರು. 18ರಿಂದ 25 ವಯಸ್ಸಿನ ಗಂಡುಮಕ್ಕಳ ಹೆಸರು ಅದರಲ್ಲಿ ಇರಬೇಕು. ಅಲ್ಲೇ ಹುಟ್ಟಿದವರದ್ದೂ ಸರಿ, ಗ್ರೀನ್ ಕಾರ್ಡ್ ಇದ್ದವರದ್ದೂ ಸರಿ. ಹೆಣ್ಣುಮಕ್ಕಳಿಗೆ ಇಲ್ಲ. ಸರಿಯಾದ ವೀಸಾ ಮೇಲೆ ಓದೋಕೆ ಬಂದವರಿಗೂ, ಅಪ್ಪ ಅಮ್ಮನ ಕೆಲಸದ ವೀಸಾ ಜೊತೆ ಬಂದ ಮಕ್ಕಳಿಗೂ ಇಲ್ಲ. ಆದರೆ ಅಂಥವರಿಗೆ 26 ತುಂಬುವ ಮೊದಲು ಗ್ರೀನ್ ಕಾರ್ಡ್ ಬಂತು ಅಂದರೆ ಆಗ ಹೆಸರು ಸೇರಬೇಕು. ನಿಮ್ಮ ಸ್ನೇಹಿತರಲ್ಲಿ ಹಾಗೆ ಕಾಯುತ್ತಿರುವ ಮನೆಗಳಿದ್ದರೆ ಈ ಮಾತು ದಾಟಿಸಿ, ಯಾಕೆಂದರೆ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಮುಂದೆ ಪೌರತ್ವದ ಅರ್ಜಿ ಹಾಕುವಾಗ ತೊಡಕಾಗಬಹುದು.

ಪಟ್ಟಿಯಿಂದ ನಿಜವಾಗಿ ಜನ ಕರೆಸಿಕೊಳ್ಳಬೇಕೆಂದರೆ ಅಲ್ಲಿನ ಸಂಸತ್ತು ಹೊಸದಾಗಿ ಕಾನೂನು ಮಾಡಬೇಕು. 1973ರಿಂದ ಇಲ್ಲಿಯವರೆಗೆ ಯಾರೂ ಮಾಡಿಲ್ಲ. ಇರಾಕ್‌ನಲ್ಲಿ ಸೈನಿಕರು ಸಾಲದೆ ಪರದಾಡುತ್ತಿದ್ದಾಗಲೂ ಮಾಡಲಿಲ್ಲ. ಮಾಡಿದವನು ಮುಂದಿನ ಚುನಾವಣೆಯಲ್ಲಿ ಮನೆಗೆ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತು.

ಒಂದು ಮಾತು ಹೇಳಲಾ? ಒಂದು ಪತ್ರ ಬಂದು ನಿಮಗೆ ನಿದ್ದೆ ಹೋಯಿತಲ್ಲ, ಹಾಸನದ ಮೇಷ್ಟ್ರು ಕೇಳಿದ ಪ್ರಶ್ನೆಗೆ ನನ್ನ ಉದ್ದುದ್ದ ಉತ್ತರಕ್ಕಿಂತ ಅದೇ ವಾಸಿ.

ಪ್ರಶ್ನೆ: ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡೋದು ಅಂದ್ರೆ ಇದೇ ಅಲ್ವಾ ಸಾರ್? ಎಲ್ಲಾ ರಾಜಕಾರಣಿಗಳ ಮಕ್ಕಳೂ ಮಿಲಿಟರಿಗೆ ಹೋಗ್ಲೇಬೇಕು ಅಂತ ರೂಲ್ಸ್ ಮಾಡಿದ್ರೆ ಜಗತ್ತಲ್ಲಿ ಯುದ್ಧಾನೇ ನಿಂತುಹೋಗುತ್ತೆ. ಯಾಕೆ ಯಾರೂ ಮಾಡಲ್ಲ?
– ಎಂ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಮಾಡೋಕೆ ಹೊರಟವರಿದ್ದಾರಪ್ಪ. ನ್ಯೂಯಾರ್ಕ್‌ನ ಹಾರ್ಲೆಮ್ ಕಡೆಯ ಸಂಸದರಾಗಿದ್ದ ಚಾರ್ಲ್ಸ್ ರೇಂಜಲ್. ಕೊರಿಯಾ ಯುದ್ಧದಲ್ಲಿ ಸ್ವತಃ ಹೋರಾಡಿದವರು. ಇರಾಕ್ ಯುದ್ಧಕ್ಕೆ ಇನ್ನು ಎರಡು ತಿಂಗಳಿದೆ ಅನ್ನುವಾಗ, 2003ರ ಜನವರಿಯಲ್ಲಿ, ಡ್ರಾಫ್ಟ್ ವಾಪಸ್ ತನ್ನಿ ಅಂತ ಮಸೂದೆ ತಂದರು. ಶ್ರೀಮಂತರ ಮಕ್ಕಳೂ ಹೋಗಬೇಕಾಗಿ ಬಂದರೆ ಈ ಯುದ್ಧಕ್ಕೆ ನೀವು ಕೈ ಎತ್ತುತ್ತೀರಾ ಅನ್ನೋದು ಅವರ ಪ್ರಶ್ನೆ. ಅದನ್ನು ತಳ್ಳಿಹಾಕಿ ಕೈ ತೊಳೆದುಕೊಳ್ಳೋಣ ಅಂತ 2004ರ ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕಿದರು. ವಿರುದ್ಧ 402, ಪರವಾಗಿ 2. ರೇಂಜಲ್ ತಾವೇ ತಮ್ಮ ಮಸೂದೆಗೆ ವಿರುದ್ಧವಾಗಿ ಮತ ಹಾಕಿದರು, ಚರ್ಚೆಯೇ ಮಾಡದೆ ಮತಕ್ಕೆ ತಂದಿರಿ ಅನ್ನುವ ಸಿಟ್ಟಿಗೆ.

ಈಗ ನಿಮ್ಮ ರೂಲ್ಸಿಗೆ ಬರೋಣ. ಇರಾಕ್ ಮೇಲೆ ಬಲ ಬಳಸಬಹುದು ಅನ್ನುವ ನಿರ್ಣಯಕ್ಕೆ 2002ರ ಅಕ್ಟೋಬರ್‌ನಲ್ಲಿ ಸೆನೆಟ್‌ನಲ್ಲಿ 77 ಜನ ಹೂಂ ಅಂದರು, 23 ಜನ ಬೇಡ ಅಂದರು. ಆಗ ಸೌತ್ ಡಕೋಟಾದ ಸೆನೆಟರ್ ಟಿಮ್ ಜಾನ್ಸನ್ ಅವರ ಮಗ ಸೇನೆಯಲ್ಲಿದ್ದ, ಯುದ್ಧವಾದರೆ ಹೋಗಬೇಕಾದವನು, ಆಮೇಲೆ ಇರಾಕ್‌ಗೆ ಹೋದ ಕೂಡ. ಅಪ್ಪ ಯಾವ ಕಡೆ ಮತ ಹಾಕಿರಬಹುದು ಹೇಳಿ? ಯುದ್ಧದ ಪರ. ಮಗನ ಮುಖ ನೋಡಿ ಬೇಡ ಅಂದೆ ಅಂತ ಜನ ಅಂದುಕೊಂಡಾರು ಅನ್ನುವ ಅಳುಕಿತ್ತೋ, ಸರಿ ಅಂತ ನಿಜವಾಗಿಯೂ ಅನ್ನಿಸಿತ್ತೋ, ಅದು ಅವರಿಗೇ ಗೊತ್ತು. ಮನುಷ್ಯನ ಮನಸ್ಸು ನಿಮ್ಮ ರೂಲ್ಸಿನಷ್ಟು ನೇರ ಇಲ್ಲ.

ಡ್ರಾಫ್ಟ್ ಇದ್ದಾಗಲೂ ದೊಡ್ಡವರ ಮಕ್ಕಳು ನುಣುಚಿಕೊಂಡರು ಅನ್ನೋದು ಇನ್ನೊಂದು. ಕಾಲೇಜಿನಲ್ಲಿ ಓದುತ್ತಿದ್ದರೆ ವಿನಾಯಿತಿ, ಡಾಕ್ಟರ್ ಚೀಟಿ ತಂದರೆ ವಿನಾಯಿತಿ. ಇರಾಕ್ ಯುದ್ಧ ಬೇಕೇ ಬೇಕು ಅಂತ ವಾದಿಸಿದ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ವಿಯೆಟ್ನಾಂ ಕಾಲದಲ್ಲಿ ಐದು ಸಲ ವಿನಾಯಿತಿ ತಗೊಂಡವರು.

ಹಾಗಂತ ಸ್ವಂತ ಅನುಭವಕ್ಕೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಪೀಟರ್ ಫೀವರ್, ಕ್ರಿಸ್ಟೋಫರ್ ಗೆಲ್ಪಿ ಅಂತ ಇಬ್ಬರು ವಿದ್ವಾಂಸರು 1816ರಿಂದ 1992ರವರೆಗಿನ ಅಮೆರಿಕದ ಲೆಕ್ಕ ಹಿಡಿದು ಕೂತರು. ಅಧಿಕಾರದಲ್ಲಿ ಮಾಜಿ ಸೈನಿಕರು ಹೆಚ್ಚಿದ್ದಾಗ ದೇಶ ತಾನಾಗಿ ಜಗಳಕ್ಕೆ ಹೋದದ್ದು ಕಡಿಮೆ, ಆದರೆ ಒಮ್ಮೆ ಹೋಯಿತು ಅಂದರೆ ಬಳಸಿದ ಬಲ ಜಾಸ್ತಿ. ನನಗೆ ಇದು ನಂಬುವಂಥದ್ದೇ ಅನ್ನಿಸುತ್ತೆ. ಕೈ ಸುಟ್ಟುಕೊಂಡವನು ಒಲೆ ಹತ್ತಿರ ಸುಮ್ನೆ ಹೋಗಲ್ಲ, ಹೋದರೆ ಅರ್ಧ ಕೆಲಸ ಮಾಡಿ ಬರಲ್ಲ. 1970ರ ದಶಕದ ಆರಂಭದಲ್ಲಿ ಅಲ್ಲಿನ ಸಂಸದರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಾಜಿ ಸೈನಿಕರಿದ್ದರು. ಈಗ 20ಕ್ಕಿಂತ ಕಡಿಮೆ.

ನಿಮ್ಮ ವಯಸ್ಸಿನವರಿಗೆ ಇಷ್ಟವಾಗಬಹುದಾದ ಇನ್ನೊಂದು ಅಧ್ಯಯನ ಇದೆ, ರಾಬರ್ಟ್ ಎರಿಕ್ಸನ್ ಮತ್ತು ಲಾರಾ ಸ್ಟೋಕರ್ ಅವರದ್ದು. ಆ ಗಾಜಿನ ಜಾಡಿಯಲ್ಲಿ ಯಾರ ತಾರೀಖು ಬೇಗ ಬಂತೋ ಆ ಹುಡುಗರನ್ನೂ, ಯಾರದ್ದು ಕೊನೆಗೆ ಬಂತೋ ಅವರನ್ನೂ ಹೋಲಿಸಿ ನೋಡಿದರು. ಅದೇ ವಯಸ್ಸು, ಅದೇ ಥರದ ಮನೆ, ಬೇರೆಯದ್ದು ಚೀಟಿ ಮಾತ್ರ. ಚೀಟಿ ಬೇಗ ಬಂದವರು ಯುದ್ಧಕ್ಕೆ ಹೆಚ್ಚು ವಿರೋಧಿಗಳಾದರು, ಅವರ ರಾಜಕೀಯವೇ ಬದಲಾಯಿತು, 1997ರಲ್ಲಿ, ಅಂದರೆ ತಲೆ ನರೆತ ಮೇಲೂ, ಆ ವ್ಯತ್ಯಾಸ ಅಳಿಸಿರಲಿಲ್ಲ. ಅವರಲ್ಲಿ ಎಷ್ಟೋ ಜನ ವಿಯೆಟ್ನಾಂ ನೋಡಿದವರೇ ಅಲ್ಲ!

ಆದರೆ ಆ ವಿರೋಧ ಕೇಳಿಸಬೇಕಾದರೆ ಬೀದಿಗೆ ಬರುವ ಸ್ವಾತಂತ್ರ್ಯ ಇರಬೇಕು. ಸೋವಿಯತ್ ಸೇನೆಯಲ್ಲಿ ಕಡ್ಡಾಯವಾಗಿ ಹೋದ ಹುಡುಗರೇ ತುಂಬಿದ್ದರು, ಅಫ್ಘಾನಿಸ್ತಾನದಲ್ಲಿ ಸುಮಾರು 15,000 ಜನ ಸತ್ತರು, ಸತು ತಗಡಿನ ಪೆಟ್ಟಿಗೆಗಳಲ್ಲಿ ಸದ್ದಿಲ್ಲದೆ ಮನೆ ಸೇರಿದರು, ಒಂಬತ್ತು ವರ್ಷ ಯುದ್ಧ ನಡೆಯಿತು. ಇಸ್ರೇಲ್ ನೋಡಿ, ಅಲ್ಲೂ ಕಡ್ಡಾಯವೇ. ಲೆಬನಾನ್‌ಗೆ 1982ರಲ್ಲಿ ನುಗ್ಗುವುದನ್ನು ಅದು ತಡೆಯಲಿಲ್ಲ. 1997ರಲ್ಲಿ ಲೆಬನಾನ್‌ಗೆ ಹೊರಟಿದ್ದ ಎರಡು ಹೆಲಿಕಾಪ್ಟರ್ ಡಿಕ್ಕಿಯಾಗಿ 73 ಸೈನಿಕರು ಸತ್ತಾಗ ನಾಲ್ವರು ತಾಯಂದಿರು ಇನ್ನು ಸಾಕು ಅಂತ ರಸ್ತೆಯ ಸರ್ಕಲ್‌ಗಳಲ್ಲಿ ನಿಂತರು. ಮೂರು ವರ್ಷಕ್ಕೆ ಸೇನೆ ವಾಪಸ್ ಬಂತು. ಶುರುವಿಗೆ ಅಲ್ಲ, ಕೊನೆಗೆ ಅಂತ ಮೇಷ್ಟ್ರಿಗೆ ಹೇಳಿದೆನಲ್ಲ, ಇದೇ.

ಪ್ರಶ್ನೆ: 17 ವರ್ಷ ಸೇವೆ ಮಾಡಿ ಬಂದವನು ನಾನು. ನಮ್ಮದೂ ಇಷ್ಟಪಟ್ಟು ಸೇರಿದವರ ಸೇನೆಯೇ. ನಿಮ್ಮ ಮಾತು ಓದಿದರೆ ನಾವೇನೋ ಕೂಲಿಗೆ ಹೋದವರು, ನಾವಿರೋದರಿಂದಲೇ ಯುದ್ಧ ಆಗೋದು ಅನ್ನೋ ಹಾಗಿದೆ. ನಮ್ಮ ದೇಶದ ಬಗ್ಗೆಯೂ ಹೀಗೇ ಹೇಳ್ತೀರಾ?
– ಮಾಜಿ ಹವಾಲ್ದಾರ್, ವಿರಾಜಪೇಟೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು ಸರ್. ಕೂಲಿ ಅನ್ನೋ ಮಾತು ನಾನು ಬರೆದಿಲ್ಲ, ಆದರೆ ಹಾಗೆ ಓದಿಸಿಕೊಂಡಿದ್ದರೆ ತಪ್ಪು ನನ್ನದೇ.

ಆ ಜಗಳ ಹಳೆಯದು. ಗೇಟ್ಸ್ ಆಯೋಗದ ಮುಂದೆ ಬಂದ, ವಿಯೆಟ್ನಾಂನಲ್ಲಿ ಅಮೆರಿಕದ ಪಡೆಗಳನ್ನು ನಡೆಸಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್, ಕೂಲಿ ಸೈನಿಕರ ಪಡೆಗೆ ದಂಡನಾಯಕನಾಗೋದು ನನಗೆ ಬೇಡ ಅಂದರಂತೆ. ಹಾಗಾದರೆ ಗುಲಾಮರ ಪಡೆಗೆ ಆಗಬಹುದಾ ಅಂತ ಫ್ರೀಡ್‌ಮನ್ ತಿರುಗಿ ಕೇಳಿದರಂತೆ. ಎರಡೂ ಅತಿಯಾದ ಮಾತೇ. ನನ್ನ ದೂರು ಸೇರಿದವರ ಮೇಲಲ್ಲ, ಸೇರದೆ ಮನೆಯಲ್ಲಿ ಕೂತ ನಮ್ಮಂಥವರ ಮೇಲೆ. ಇರಾಕ್ ಯುದ್ಧ ಜೋರಿದ್ದಾಗ ಅಲ್ಲಿನ ಸೈನಿಕರಿಗೆ ಏನಾಯಿತು ನೋಡಿ. ಕರಾರು ಮುಗಿದರೂ ಮನೆಗೆ ಬಿಡದೆ ಇಟ್ಟುಕೊಳ್ಳುವ ಸ್ಟಾಪ್-ಲಾಸ್ ಅನ್ನುವ ನಿಯಮ ಇತ್ತು. 2007ರಲ್ಲಿ 12 ತಿಂಗಳ ಸರದಿಯನ್ನು 15 ತಿಂಗಳು ಮಾಡಿದರು. ಒಬ್ಬನೇ ಮೂರು ಸಲ, ನಾಲ್ಕು ಸಲ ಹೋಗಿ ಬಂದ. ಒಂದು ದೇಶದ ಭಾರವನ್ನು ಅದೇ ಕೆಲವು ಬೆನ್ನುಗಳ ಮೇಲೆ ಮತ್ತೆ ಮತ್ತೆ ಹೇರಿದರು. ಅವರು ಇಷ್ಟಪಟ್ಟು ಸೇರಿದ್ದು ನಿಜ. ನಾಲ್ಕನೇ ಸಲಕ್ಕೂ ಇಷ್ಟಪಟ್ಟಿದ್ದರಾ ಅಂತ ಕೇಳಿದವರು ಕಡಿಮೆ.

ನಮ್ಮ ದೇಶದ ಮಾತು. ಇಲ್ಲಿ ಕಡ್ಡಾಯ ಸೇವೆ ಯಾವತ್ತೂ ಇಲ್ಲ, ಬ್ರಿಟಿಷರ ಕಾಲದಿಂದಲೂ ಹೀಗೇ. ಅದರ ಒಂದು ಮುಖ 1939ರ ಸೆಪ್ಟೆಂಬರ್ 3ರಂದು ಕಂಡಿತು. ವೈಸರಾಯ್ ಲಿನ್‌ಲಿತ್‌ಗೋ ಒಬ್ಬನೇ ಒಬ್ಬ ಭಾರತೀಯ ನಾಯಕನನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ಘೋಷಿಸಿಬಿಟ್ಟರು. ಕಾಂಗ್ರೆಸ್ ಮಂತ್ರಿಮಂಡಲಗಳು ಸಿಟ್ಟಿನಿಂದ ರಾಜೀನಾಮೆ ಕೊಟ್ಟವು. ಆದರೂ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷ ಜನ ಸೇನೆಯಲ್ಲಿದ್ದರು. ಯಾರನ್ನೂ ಬಲವಂತ ಮಾಡಿರಲಿಲ್ಲ, ಹಾಗಾಗಿ ದೇಶದ ಒಪ್ಪಿಗೆ ಕೇಳುವ ಅವಶ್ಯಕತೆಯೂ ಅವರಿಗೆ ಬೀಳಲಿಲ್ಲ. ಇಷ್ಟಪಟ್ಟು ಬರುವವರ ಸೇನೆ ಆಳುವವರಿಗೆ ಎಷ್ಟು ಸಲೀಸು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಮುಖವೂ ಇದೆ. 2003ರಲ್ಲಿ ಇರಾಕ್‌ಗೆ ಒಂದು ಡಿವಿಷನ್, ಸುಮಾರು 17,000 ಸೈನಿಕರನ್ನು, ಕಳಿಸಿ ಅಂತ ಅಮೆರಿಕ ನಮ್ಮನ್ನು ಕೇಳಿತ್ತು. ದೆಹಲಿಯಲ್ಲಿ ಕಳಿಸೋಣ ಅನ್ನುವವರೂ ಇದ್ದರು. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಆದೇಶ ಇಲ್ಲದೆ ಆಗಲ್ಲ ಅಂತ ಹೇಳಿಬಿಟ್ಟಿತು. ಸೇನೆ ಅದೇ, ಸೇರುವ ರೀತಿಯೂ ಅದೇ. ಅದಕ್ಕೆ ಹದಿನಾರು ವರ್ಷ ಹಿಂದೆ, 1987ರಲ್ಲಿ, ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಅಂತ ಕಳಿಸಿದ್ದೂ ಇದೇ ಸೇನೆಯನ್ನು. ತಮಿಳು ಹುಲಿಗಳ ಜೊತೆ ಕಾದಾಡಬೇಕಾಗಿ ಬಂದು ಸುಮಾರು 1,200 ಜನ ಹಿಂದಿರುಗಲಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಚೆನ್ನೈಗೆ ಬಂದಿಳಿದಾಗ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲೇ ಇಲ್ಲ. ನಿಮ್ಮ ಕಡೆಯ ಎಷ್ಟು ಮನೆಗಳಲ್ಲಿ ಆ ನೋವು ಇನ್ನೂ ಇದೆಯೋ ನಿಮಗೇ ಗೊತ್ತು. ಆ ಯುದ್ಧದ ಬಗ್ಗೆ ನಾವು ಇವತ್ತಿಗೂ ಸರಿಯಾಗಿ ಮಾತಾಡಿಲ್ಲ.

ಅಮೆರಿಕದವರು ಪೆಟ್ಟಿಗೆ ಕಾಣದ ಹಾಗೆ ನೋಡಿಕೊಂಡರು ಅಂದೆನಲ್ಲ, ನಮ್ಮಲ್ಲಿ ಕಾರ್ಗಿಲ್‌ನಿಂದ ಅದು ಉಲ್ಟಾ. ಮೊದಲೆಲ್ಲ ಯುದ್ಧದಲ್ಲಿ ಸತ್ತವರಿಗೆ ಬಹುಮಟ್ಟಿಗೆ ಅಲ್ಲೇ ಸಂಸ್ಕಾರ, ಮನೆಗೆ ಒಂದು ಟೆಲಿಗ್ರಾಂ. 1999ರಲ್ಲಿ ಸತ್ತ 527 ಯೋಧರ ದೇಹಗಳನ್ನು ಸಾಧ್ಯವಾದಷ್ಟೂ ಅವರವರ ಊರಿಗೇ ತಲುಪಿಸಿದರು. ಸಿಯಾಚಿನ್‌ನ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 2016ರ ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡಾಗ ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ಹರಿದುಬಂದ ಜನರನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಪೆಟ್ಟಿಗೆ ಕಂಡರೆ ಜನ ಯುದ್ಧ ಬೇಡ ಅಂತಾರೆ ಅಂತ ಅಮೆರಿಕದ ಸರ್ಕಾರ ಹೆದರಿತ್ತು. ನಮ್ಮಲ್ಲಿ ಪೆಟ್ಟಿಗೆ ಕಂಡಾಗ ಸೇಡು ಬೇಕು ಅನ್ನುವ ಕೂಗೇ ಜಾಸ್ತಿ. ಇದು ಯಾಕೆ ಹೀಗೆ ಅಂತ ನಾನೂ ಯೋಚಿಸುತ್ತಲೇ ಇದ್ದೇನೆ. ಆ ಕೂಗು ಹಾಕುವವರು ಸಾಮಾನ್ಯವಾಗಿ ಪೆಟ್ಟಿಗೆಯ ತೀರಾ ಹತ್ತಿರ ನಿಂತವರಲ್ಲ ಅನ್ನೋದನ್ನು ಮಾತ್ರ ಗಮನಿಸಿದ್ದೇನೆ.

ನಿಮ್ಮ ಜಿಲ್ಲೆಯವರೇ ಆದ ಕಾರ್ಯಪ್ಪನವರ ಕಥೆ ನಾನು ನಿಮಗೆ ಹೇಳಿದರೆ ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದ ಹಾಗೆ. ಆದರೂ ಉಳಿದ ಓದುಗರಿಗಾಗಿ: 1965ರ ಯುದ್ಧದಲ್ಲಿ ಅವರ ಮಗ ನಂದ ಕಾರ್ಯಪ್ಪ ವಾಯುಪಡೆಯ ಪೈಲಟ್, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಹಳೇ ಪರಿಚಯದ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಟ್ಟುಕೊಡುತ್ತೇನೆ ಅಂದರೂ, ಅಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅಂತ ಅಪ್ಪ ಹೇಳಿದರು ಅನ್ನುವುದು ಮನೆಮಾತು.

ಪ್ರಶ್ನೆ: ನಮ್ಮ ಕಡೀ ಹುಡುಗ್ರು ರಷ್ಯಾಕ್ಕ ಹೋಗಿ ಸಿಕ್ಕೊಂಡಿದ್ರಲ್ಲ, ಅದೂ ಇಷ್ಟಪಟ್ಟು ಸೇರಿದ ಲೆಕ್ಕಾನ?
– ಕಿರಾಣಿ ವ್ಯಾಪಾರಿ, ಕಲಬುರಗಿ

ಉತ್ತರ: ಅಲ್ರೀ. ಕಲಬುರಗಿ ಜಿಲ್ಲೆಯ ಮೂವರಿಗೆ ಹೇಳಿದ್ದು ಸೆಕ್ಯೂರಿಟಿ ಗಾರ್ಡ್ ಕೆಲಸ ಅಂತ, ಕೊಟ್ಟದ್ದು ಬಂದೂಕು, ನಿಲ್ಲಿಸಿದ್ದು ಉಕ್ರೇನ್ ಯುದ್ಧದಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಅವರು ವಾಪಸ್ ಬಂದರು.

ಇದಕ್ಕೆ ಕಾರಣ ನಾವು ಮಾತಾಡುತ್ತಿರುವ ವಿಷಯದಲ್ಲೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಪುಟಿನ್ 3 ಲಕ್ಷ ಜನರನ್ನು ಬಲವಂತವಾಗಿ ಕರೆದಾಗ ಗಡಿಗಳಲ್ಲಿ ಕಾರುಗಳ ಸಾಲು ಕಿಲೋಮೀಟರ್‌ಗಟ್ಟಲೆ ನಿಂತಿತು, ಲಕ್ಷಾಂತರ ಗಂಡಸರು ದೇಶ ಬಿಟ್ಟರು. ಅದಾದ ಮೇಲೆ ಅಂಥ ದೊಡ್ಡ ಕರೆ ಮತ್ತೆ ಕೊಡಲಿಲ್ಲ. ಬದಲಿಗೆ ಬಡ ಪ್ರಾಂತ್ಯಗಳಲ್ಲಿ ಭಾರಿ ಮೊತ್ತದ ಮುಂಗಡ ತೋರಿಸಿ ಕರಾರಿನ ಮೇಲೆ ಜನ ತಗೊಂಡರು, ಜೈಲುಗಳಿಂದ ತಗೊಂಡರು, ಹೊರದೇಶದವರನ್ನೂ ತಗೊಂಡರು. ಮಾಸ್ಕೋದ ಮಧ್ಯಮ ವರ್ಗದ ಮನೆ ಬಾಗಿಲು ತಟ್ಟದೆ ಯುದ್ಧ ನಡೆಸುವ ದಾರಿ ಅದು. ಅಮೆರಿಕವೂ ಇರಾಕ್‌ನಲ್ಲಿ ಅಡುಗೆ, ಲಾರಿ, ಕಾವಲು ಎಲ್ಲ ಗುತ್ತಿಗೆಗೆ ಕೊಟ್ಟು ನೇಪಾಳ, ಭಾರತ, ಫಿಲಿಪೀನ್ಸ್‌ನ ಬಡವರನ್ನು ದುಡಿಸಿಕೊಂಡಿತು. 2008ರ ಹೊತ್ತಿಗೆ ಅಲ್ಲಿ ಸೈನಿಕರಷ್ಟೇ ಗುತ್ತಿಗೆ ಕೆಲಸಗಾರರಿದ್ದರು. 2004ರ ಆಗಸ್ಟ್‌ನಲ್ಲಿ ಇರಾಕ್‌ನಲ್ಲಿ ಉಗ್ರರು ಕೊಂದ 12 ನೇಪಾಳಿ ಕೆಲಸಗಾರರ ಹೆಸರು ಯಾವ ದೇಶದ ಯುದ್ಧ ಸ್ಮಾರಕದಲ್ಲೂ ಬರುವಂಥದ್ದಲ್ಲ.

ನಿಮ್ಮ ಅಂಗಡಿಗೆ ಬರುವ ಹುಡುಗರಿಗೆ ಒಂದು ಮಾತು ಹೇಳಿ: ಹೊರದೇಶದ ಕೆಲಸದ ಕರಾರು ಓದಲು ಬಾರದ ಭಾಷೆಯಲ್ಲಿದ್ದರೆ ಸಹಿ ಹಾಕಬೇಡಿ.

ಪ್ರಶ್ನೆ: ಈಗ ಡ್ರೋನ್ ಬಂದಿದೆ. ಸೈನಿಕರೇ ಬೇಡ. ಈ ಚರ್ಚೆ ಹಳೇ ಕಾಲದ್ದಲ್ಲವೇ?
– ಎಂಜಿನಿಯರ್, ಬೆಂಗಳೂರು

ಉತ್ತರ: ಹಳೇದಾಗಿಲ್ಲ, ಇನ್ನೂ ಮುಂದಕ್ಕೆ ಹೋಗಿದೆ. ಡ್ರಾಫ್ಟ್ ನಿಂತ 1973ರಲ್ಲೇ ಅಮೆರಿಕದ ಸಂಸತ್ತು ಇನ್ನೊಂದು ಕಾನೂನು ಮಾಡಿತ್ತು: ಸಂಸತ್ತಿನ ಒಪ್ಪಿಗೆ ಇಲ್ಲದೆ ಅಧ್ಯಕ್ಷ ಸೇನೆಯನ್ನು ಕದನಕ್ಕೆ ಇಳಿಸಿದರೆ 60 ದಿನದಲ್ಲಿ ನಿಲ್ಲಿಸಬೇಕು. 2011ರಲ್ಲಿ ಲಿಬಿಯಾ ಮೇಲೆ ವಿಮಾನ, ಕ್ಷಿಪಣಿ, ಡ್ರೋನ್ ಬಳಸಿದ ಒಬಾಮಾ ಸರ್ಕಾರ 60 ದಿನ ದಾಟಿದ ಮೇಲೆ ಕೊಟ್ಟ ಉತ್ತರ ಏನು ಗೊತ್ತಾ? ನೆಲದ ಮೇಲೆ ನಮ್ಮ ಸೈನಿಕರಿಲ್ಲ, ನಮ್ಮವರಿಗೆ ಅಪಾಯ ಕಡಿಮೆ, ಹಾಗಾಗಿ ಕಾನೂನು ಹೇಳುವ ಕದನ ಇದಲ್ಲ. ಕೆಳಗಿದ್ದ ಲಿಬಿಯಾದವರಿಗೆ ಈ ಸೂಕ್ಷ್ಮ ಅರ್ಥವಾಗಿತ್ತೋ ಇಲ್ಲವೋ.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ಮನೆಯಿಂದ ಯಾರಾದರೂ ಮಿಲಿಟರಿಗೆ ಹೋಗಿದ್ದಾರಾ?
– ಹೆಸರು, ಊರು ಬರೆದಿಲ್ಲ

ಉತ್ತರ: ಇಲ್ಲ. ದೊಡ್ಡಪ್ಪನ ಮೊಮ್ಮಗ ಒಬ್ಬ ಪ್ರಯತ್ನಪಟ್ಟ. ಬೆಳಗಾವಿಯಲ್ಲಿ ಭರ್ತಿ ರ‍್ಯಾಲಿ ಇತ್ತು, ಜೊತೆಗೆ ನಾನೂ ಹೋಗಿದ್ದೆ. ನಸುಕಿನ ನಾಲ್ಕು ಗಂಟೆಗೆ ರಸ್ತೆ ಪಕ್ಕ ನೂರಾರು ಹುಡುಗರು, ಚಪ್ಪಲಿ ತಲೆದಿಂಬು ಮಾಡಿಕೊಂಡು, ಮಾರ್ಕ್ಸ್ ಕಾರ್ಡ್ ಇದ್ದ ಪ್ಲಾಸ್ಟಿಕ್ ಫೈಲ್ ಎದೆಗವಚಿಕೊಂಡು ಮಲಗಿದ್ದರು. ಬೆಳಕು ಹರಿದ ಮೇಲೆ 1.6 ಕಿಲೋಮೀಟರ್ ಓಟ, ಐದೂವರೆ ನಿಮಿಷದ ಒಳಗೆ ಮುಗಿಸಿದರೆ ಪೂರ್ತಿ ಅಂಕ. ನಮ್ಮವನು ಕೊನೆ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಬಸ್ಸಿನಲ್ಲಿ ವಾಪಸ್ ಬರುವಾಗ ಊರು ಬರುವವರೆಗೂ ಮಾತಾಡಲಿಲ್ಲ. ಅವನ ಜೊತೆ ಓಡಿದ ಪಕ್ಕದ ಊರಿನ ಗೆಳೆಯ ಆಯ್ಕೆಯಾದ, ಕಾಶ್ಮೀರಕ್ಕೆ ಹೋದ.

2019ರ ಫೆಬ್ರುವರಿ 26ರಂದು, ಬಾಲಾಕೋಟ್ ಮೇಲೆ ದಾಳಿ ಆಯಿತು ಅಂತ ಟೀವಿಯಲ್ಲಿ ಬಂದ ಬೆಳಿಗ್ಗೆ, ನಮ್ಮ ಹುಡುಗ ನಮ್ಮ ಮನೆಯಲ್ಲೇ ಇದ್ದ. ಚಪ್ಪಾಳೆ ತಟ್ಟಿದವನು ನಾನು. ಅವನು ಮೊಬೈಲ್ ಹಿಡಿದು ಅಂಗಳಕ್ಕೆ ಹೋಗಿ ಆ ಗೆಳೆಯನಿಗೆ ಫೋನ್ ಹಚ್ಚುತ್ತಿದ್ದ, ಸಿಗುತ್ತಿರಲಿಲ್ಲ, ಮತ್ತೆ ಹಚ್ಚುತ್ತಿದ್ದ. ತಿಂಡಿ ಆರಿಹೋಯಿತು.